ಹೊಸಬರ ಪ್ಯಾಚ್‌ಗೆ ಉತ್ತರ ಕೊಡುವಾಗ ಇಷ್ಟು ಒರಟುತನ ಯಾಕೆ?

ಕಾವ್ಯ_ಕೋಡ್:
ಎಲ್ಲರಿಗೂ ನಮಸ್ಕಾರ. ಕೋಡ್ ಎಲ್ಲರಿಗೂ ತೆರೆದಿರುವ ಒಂದು ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ (ಹೆಸರು ಬೇಡ ಬಿಡಿ) ಮೊದಲ ಸಲ ಪುಲ್ ರಿಕ್ವೆಸ್ಟ್ ಕಳಿಸಿದೆ, ಅಂದರೆ ನನ್ನ ತಿದ್ದುಪಡಿ (ಪ್ಯಾಚ್) ಸೇರಿಸಿಕೊಳ್ಳಿ ಅನ್ನೋ ಕೋರಿಕೆ. ಅದರ ಮೆನುವಿನಲ್ಲಿ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿ ಹೋಗುತ್ತಿತ್ತು, ಸಾಲಿನ ಎತ್ತರ ಸ್ವಲ್ಪ ಜಾಸ್ತಿ ಮಾಡಿದ್ದೆ, ಅಷ್ಟೇ. ಬಂದ ಉತ್ತರ ಒಂದೇ ಸಾಲು: "ಗೈಡ್‌ಲೈನ್ಸ್ ಓದಿ." ಅಲ್ಲಿಗೇ ಕ್ಲೋಸ್. ಓದಿಯೇ ಕಳಿಸಿದ್ದೆ, ಯಾವ ನಿಯಮ ತಪ್ಪಿದೆ ಅಂತ ಕೇಳಿದ್ದಕ್ಕೆ ಮಾತೇ ಇಲ್ಲ. ಕೋಡ್ ಬೇಡ ಅಂದರೆ ಬೇಜಾರಿಲ್ಲ, ಕಾರಣ ಹೇಳಬಹುದಿತ್ತು ಅಲ್ವಾ? ಗುಣಮಟ್ಟ ಕಾಪಾಡೋಕೆ ಒರಟಾಗಿ ಇರಲೇಬೇಕಾ?

ರಾತ್ರಿಪಾಳಿ:
ಸಣ್ಣದೊಂದು ಕೋಡ್ ಲೈಬ್ರರಿ ನೋಡಿಕೊಳ್ಳುತ್ತೇನೆ, ಮೇಂಟೇನರ್ (ಬಂದ ಕೋಡ್ ನೋಡಿ ಒಪ್ಪುವವರು) ಕಡೆಯಿಂದ ಹೇಳುತ್ತೇನೆ. ಸುಸ್ತು ನಿಜ. ಆಫೀಸ್ ಕೆಲಸ ಮುಗಿಸಿ ಕೂತರೆ ಇನ್‌ಬಾಕ್ಸ್ ತುಂಬಿರುತ್ತದೆ. ಓಪನ್ ಸೋರ್ಸ್‌ಗೆ ಕೋಡ್ ಕಳಿಸಿ ಅಂತ ಅಕ್ಟೋಬರ್‌ನಲ್ಲಿ ನಡೆಸುವ ಹ್ಯಾಕ್ಟೋಬರ್‌ಫೆಸ್ಟ್, 2020ರದ್ದು ನೆನಪಿದೆಯಾ? ಟೀಶರ್ಟ್ ಸಿಗುತ್ತದೆ ಅಂತ ಪ್ರಾಜೆಕ್ಟ್‌ನ ಪರಿಚಯ ಇರುವ ರೀಡ್‌ಮಿ ಫೈಲಿಗೆ ಒಂದೆರಡು ಪದ ಸೇರಿಸಿ ಪುಲ್ ರಿಕ್ವೆಸ್ಟ್ ಸುರಿದರು, ಕೊನೆಗೆ ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳು ಮಾತ್ರ ಲೆಕ್ಕಕ್ಕೆ ಅಂತ ನಿಯಮವನ್ನೇ ಬದಲಿಸಬೇಕಾಯಿತು. ಹೊಸ ಹೆಸರು ಕಂಡರೆ ಅನುಮಾನ ಪಡೋದು ಕೆಲವರಿಗೆ ಅಭ್ಯಾಸ ಆಗಿಬಿಟ್ಟಿದೆ. ಆದರೆ ನಿಮ್ಮದು ಅಂಥದ್ದಲ್ಲ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ಥ್ಯಾಂಕ್ಸ್, ಸಮಸ್ಯೆ ನಿಜ. ಆದರೆ ಎತ್ತರವನ್ನು ಎಲ್ಲ ಭಾಷೆಗೂ ಒಂದೇ ಸಮ ಹೆಚ್ಚಿಸಿದರೆ ಬೇರೆ ಕಡೆ ಲೇಔಟ್ ಕೆಡುತ್ತದೆ. ಫಾಂಟ್ ಹೇಳುವ ಎತ್ತರವನ್ನೇ ತಗೊಳ್ಳುವ ಹಾಗೆ ಮಾಡಿ, ಸ್ಕ್ರೀನ್‌ಶಾಟ್ ಹಾಕಿ." ಇಷ್ಟು ಬರೆಯೋಕೆ ಎರಡು ನಿಮಿಷ ಸಾಕು. ಇದರಲ್ಲೂ ಕೋಡ್ ಒಪ್ಪಿಲ್ಲ ನೋಡಿ, ಆದರೆ ಮುಂದೇನು ಮಾಡಬೇಕು ಅಂತ ಗೊತ್ತಾಗುತ್ತದೆ.

ಹಳೇ_ಪೆಂಗ್ವಿನ್:
ಒರಟಾಗಿದ್ದರೇ ಗುಣಮಟ್ಟ ಅನ್ನೋರು ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು) ಕಡೆ ಬೆರಳು ತೋರಿಸುತ್ತಿದ್ದರು. 2018ರ ಸೆಪ್ಟೆಂಬರ್‌ನಲ್ಲಿ ಅದನ್ನು ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ ಅವರೇ ತಮ್ಮ ಮೇಲ್‌ಗಳ ಭಾಷೆಗೆ ಕ್ಷಮೆ ಕೇಳಿ ಸ್ವಲ್ಪ ದಿನ ಪಕ್ಕಕ್ಕೆ ಸರಿದರು, ಅದೇ ಹೊತ್ತಿಗೆ ಹೊಸ ನಡವಳಿಕೆ ಸಂಹಿತೆಯೂ ಬಂತು. ಕರ್ನಲ್‌ನ 4.19 ಆವೃತ್ತಿಯನ್ನು ಅವರ ಬದಲು ಇನ್ನೊಬ್ಬ ಮೇಂಟೇನರ್ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬಿಡುಗಡೆ ಮಾಡಿದರು. ಕರ್ನಲ್ ಏನೂ ಕೆಡಲಿಲ್ಲ. ಇವತ್ತಿಗೂ ಅಲ್ಲಿ ಮೇಲ್‌ನಲ್ಲಿ ಬರುವ ಪ್ಯಾಚ್ ನೋಡೋದು ಕಟ್ಟುನಿಟ್ಟಾಗಿಯೇ, ಬರೀ ಪಠ್ಯದ ಬದಲು ಬಣ್ಣ-ಅಲಂಕಾರ ಇರಬಹುದಾದ ಎಚ್‌ಟಿಎಂಎಲ್ ಮೇಲ್ ಕಳಿಸಿದರೆ ಮೇಲಿಂಗ್ ಲಿಸ್ಟ್ ವಾಪಸ್ ತಳ್ಳುತ್ತದೆ. ಆದರೆ ಅದು ಬರೆದಿಟ್ಟ ನಿಯಮ, ಹಳಬರಿಗೂ ಹೊಸಬರಿಗೂ ಒಂದೇ. ಕಳಿಸಿದವರ ಮೇಲೆ ರೇಗೋದು, ಕೇಳಿದ ಪ್ರಶ್ನೆಗೆ ಸುಮ್ನೆ ಇದ್ದುಬಿಡೋದು ಬೇರೆ ವಿಷಯ. ಅದನ್ನು ಕಟ್ಟುನಿಟ್ಟು ಅನ್ನಬಾರದು.

ಮಂಜು_ಹಾಸನ:
ಕಾವ್ಯ ಅವರೇ, ಆ ಬಗ್ ಮಾತ್ರ ಬಿಡಬೇಡಿ. ಪುಲ್ ರಿಕ್ವೆಸ್ಟ್ ಬದಲು ಈ ಸಲ ಇಶ್ಯೂ (ಸಮಸ್ಯೆಯ ವರದಿ) ಹಾಕಿ. "ರಾಷ್ಟ್ರ", "ಸ್ತ್ರೀ", "ಲಕ್ಷ್ಮಿ" ತರಹದ ಪದಗಳ ಸ್ಕ್ರೀನ್‌ಶಾಟ್ ಇರಲಿ, ಕನ್ನಡ ಓದೋಕೆ ಬಾರದವರಿಗೂ ಕೆಳಗಡೆ ಕತ್ತರಿಸಿರೋದು ಕಣ್ಣಿಗೆ ಬೀಳುತ್ತದೆ. ತೆಲುಗಿನಲ್ಲೂ ಒತ್ತು ಕೆಳಗೇ ಬರುತ್ತದೆ, ಅದನ್ನೂ ನೋಡಿ ಸೇರಿಸಿ. ಲಿಂಕ್ ಇಲ್ಲಿ ಹಾಕಿದರೆ ನನ್ನ ಮೆಷಿನ್‌ನಲ್ಲಿ ಟೆಸ್ಟ್ ಮಾಡಿ ಅಲ್ಲೇ ಕಮೆಂಟ್ ಬರೆಯುತ್ತೇನೆ.