ಬಿಸಿಲು 42 ಡಿಗ್ರಿ, ಮನೆಯಲ್ಲಿ ಓವನ್ ಇಲ್ಲ. ಚಾಕಲೇಟ್ ಮಾಡೋಕಾಗುತ್ತಾ?

ಕೇಳಿದ್ದು, ಕಲಬುರಗಿಯಿಂದ

ಮೇ ಮೊದಲ ವಾರ ಮಗಳ ಹುಟ್ಟುಹಬ್ಬ. ಏಳು ತುಂಬುತ್ತದೆ. ಓಣಿಯ ಹನ್ನೆರಡು ಮಕ್ಕಳು ಬರುತ್ತಾರೆ. "ಅಂಗಡೀದು ಬ್ಯಾಡ, ನಾವೇ ಚಾಕಲೇಟ್ ಮಾಡೋಣು" ಎಂದು ಹಟ ಹಿಡಿದಿದ್ದಾಳೆ. ಗ್ಯಾಸ್, ಮಿಕ್ಸಿ, ಫ್ರಿಜ್ ಇವೆ. ಓವನ್ ಇಲ್ಲ.

ಈಗಾಗಲೇ ಎರಡು ಸಲ ಕೆಡಿಸಿದ್ದೇನೆ. ಮೊದಲ ಸಲ ಚೆನ್ನಾಗಿ ಕರಗುತ್ತಿದ್ದ ಡಾರ್ಕ್ ಚಾಕಲೇಟ್ ಇದ್ದಕ್ಕಿದ್ದಂತೆ ಬಿರುಸಾಗಿ, ರೊಟ್ಟಿಗೆ ನಾದಿದ ಜೋಳದ ಹಿಟ್ಟಿನ ಹಾಗಾಯಿತು. ಎರಡನೇ ಸಲ ಅಚ್ಚಿನಲ್ಲಿ ಚೆಂದ ಕೂತಿತು. ಆದರೆ ಫ್ರಿಜ್‌ನಿಂದ ತೆಗೆದ ಐದು ನಿಮಿಷಕ್ಕೆ ಬೆರಳಿಗೆಲ್ಲ ಅಂಟಿತು. ಇಲ್ಲಿ ಮಧ್ಯಾಹ್ನ 42 ಡಿಗ್ರಿ ಇರುತ್ತದೆ. ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ, ಏನು ಕೆಟ್ಟಿತ್ತು, ಎರಡೂ ಹೇಳಿ. ಆ ಹಿಟ್ಟಿನಂಥ ಮುದ್ದೆಯನ್ನು ಎಸೆಯಲು ಮನಸ್ಸು ಬರದೆ ಡಬ್ಬಿಯಲ್ಲಿಟ್ಟಿದ್ದೇನೆ.

ಮೈಸೂರು, ಮನೆಯಲ್ಲೇ ಕೇಕ್ ಮಾಡಿ ಮಾರುವವಳು

ಎಸೆಯಲೇಬೇಡಿ. ಅದಕ್ಕೆ ನೀರು ತಗುಲಿದೆ, ಅಷ್ಟೇ. ಚಾಕಲೇಟ್ ಅಂದ್ರೆ ಕೊಬ್ಬಿನಲ್ಲಿ ಬೆರೆತ ಕೋಕೋ ಮತ್ತು ಸಕ್ಕರೆಯ ನುಣ್ಣನೆ ಪುಡಿ. ಒಂದೆರಡು ಹನಿ ನೀರು ಬಿದ್ದರೆ ಪುಡಿಯೆಲ್ಲ ಒದ್ದೆಯಾಗಿ ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತದೆ. ಸ್ವಲ್ಪ ನೀರು ಕೆಡಿಸುತ್ತದೆ, ಜಾಸ್ತಿ ನೀರು ರಿಪೇರಿ ಮಾಡುತ್ತದೆ. ಸಣ್ಣ ಉರಿಯಲ್ಲಿ ಮುದ್ದೆಯನ್ನಿಟ್ಟು, ಬಿಸಿ ಹಾಲನ್ನು ಒಂದೊಂದೇ ಚಮಚ ಹಾಕುತ್ತಾ ತಿರುವಿ. ಮೊದಲು ಇನ್ನೂ ಹಾಳಾದ ಹಾಗೆ ಕಾಣುತ್ತದೆ. ಹೆದರಬೇಡಿ. ನಾಲ್ಕನೇ ಐದನೇ ಚಮಚಕ್ಕೆ ಹೊಳಪು ಬರುತ್ತದೆ. ಅಚ್ಚಿಗೆ ಇನ್ನು ಆಗಿಬರುವುದಿಲ್ಲ, ಆದರೆ ಒಳ್ಳೆ ಸಾಸ್ ಸಿಕ್ಕಿತಲ್ಲ.

ನನಗೂ ಮೊದಲ ವರ್ಷ ಇದೇ ಆಗಿತ್ತು. ಬೇಗ ಕರಗಲಿ ಎಂದು ಬಟ್ಟಲಿಗೆ ತಟ್ಟೆ ಮುಚ್ಚಿದೆ. ತೆಗೆಯುವಾಗ ತಟ್ಟೆಯ ಅಡಿಯಲ್ಲಿದ್ದ ಹಬೆ ನೀರು ಟಪ್ ಎಂದು ಒಳಗೆ ಬಿತ್ತು. ಒಂದು ಕೆಜಿ ಚಾಕಲೇಟ್! ಗಿರಾಕಿ ಸಂಜೆ ಆರಕ್ಕೆ ಬರುವವರಿದ್ದರು. ಆವತ್ತಿನಿಂದ ಹೀಗೆ: ಪಾತ್ರೆಗಿಂತ ಅಗಲವಾದ ಸ್ಟೀಲ್ ಬಟ್ಟಲು, ಹಬೆ ಪಕ್ಕದಿಂದ ಮೇಲೆ ಬರಬಾರದು. ಕೆಳಗೆ ಎರಡು ಬೆರಳು ನೀರು ಸಾಕು, ಬಟ್ಟಲಿನ ತಳಕ್ಕೆ ತಾಗಬಾರದು. ನೀರು ಕುದಿದ ಮೇಲೆ ಒಲೆ ಆರಿಸಿಯೇ ಬಟ್ಟಲು ಇಡುತ್ತೇನೆ. ಮುಕ್ಕಾಲು ಕರಗಿದಾಗ ಕೆಳಗಿಳಿಸಿ ತಿರುವಿದರೆ ಉಳಿದದ್ದು ತಾನಾಗಿ ಕರಗುತ್ತದೆ. ಬಟ್ಟಲಿನ ತಳವನ್ನು ಬಟ್ಟೆಯಲ್ಲಿ ಒರೆಸಿಯೇ ಅಚ್ಚಿಗೆ ಬಗ್ಗಿಸಿ. ಅಲ್ಲೇ ಎಷ್ಟೋ ಜನ ಎಡವುತ್ತಾರೆ.

ಪುತ್ತೂರು, ಅಡಿಕೆ ತೋಟದವರು

ಬೆರಳಿಗೆ ಅಂಟಿದ್ದಕ್ಕೆ ಕಾರಣ ನಿಮ್ಮ ಕೈ ಅಲ್ಲ, ನಿಮ್ಮ ಊರು. ಕೋಕೋ ಬೆಣ್ಣೆ ಕರಗುವುದೇ ಸುಮಾರು 34 ಡಿಗ್ರಿಗೆ. ಬಾಯಿಗೆ ಹಾಕಿದ ಕೂಡಲೇ ಕರಗುವುದು ಅದಕ್ಕೇ. ಕಲಬುರಗಿಯಲ್ಲಿ ಬಾಯಿಗಿಂತ ಪಡಸಾಲೆ ಬಿಸಿ ಅಲ್ವಾ!

ಪ್ಯಾಕೆಟ್ ತಿರುಗಿಸಿ ಓದಿ. 'ಕೋಕೋ ಬಟರ್' ಎಂದಿದ್ದರೆ ಅಸಲಿ ಚಾಕಲೇಟ್, ರುಚಿ ಹೆಚ್ಚು, ತಾಳಿಕೆ ಕಡಿಮೆ. ಕರಗಿಸಿ ಮತ್ತೆ ಹೊಳಪು ಬರಿಸಬೇಕಾದರೆ ಡಾರ್ಕ್‌ಗೆ 45 ಡಿಗ್ರಿಗೆ ಏರಿಸಿ, 28ಕ್ಕೆ ಇಳಿಸಿ, ಮತ್ತೆ 31ಕ್ಕೆ ತರುವ ಸರ್ಕಸ್ ಬೇರೆ. 'ಕಾಂಪೌಂಡ್' ಎಂದು ಬರುವುದರಲ್ಲಿ ಕೋಕೋ ಬೆಣ್ಣೆಯ ಬದಲು ತಾಳೆಕಾಳಿನ ಎಣ್ಣೆಯಂಥ ಕೊಬ್ಬು ಇರುತ್ತದೆ. ಆ ಸರ್ಕಸ್ ಬೇಡ. ಕರಗಿಸಿ, ಹೊಯ್ದು, ಫ್ರಿಜ್‌ನಲ್ಲಿಟ್ಟರಾಯಿತು. ಬಾಯಲ್ಲಿ ಸ್ವಲ್ಪ ಮೇಣದ ಹಾಗೆ ಅನ್ನಿಸುತ್ತದೆ, ಅದನ್ನೂ ಹೇಳಬೇಕಲ್ಲ. ಮಕ್ಕಳು ದೂರುವುದಿಲ್ಲ. ಬಿಸಿಲಿಗೆ ಒಂದು ಚೂರು ಜಾಸ್ತಿ ತಡೆಯುತ್ತದೆ, ನಿಮ್ಮ 42ಕ್ಕೆ ಅದೂ ಸೋಲುತ್ತದೆ.

ಇನ್ನು ನಮ್ಮ ಮನೆ ಕಥೆ. ಇಲ್ಲಿ ಅಡಿಕೆ ಮರದ ನಡುವೆ ಕೊಕ್ಕೋ ಗಿಡ ಇರುತ್ತದೆ. 1973ರಲ್ಲಿ ಮಂಗಳೂರಿನಲ್ಲಿ ಶುರುವಾದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆ ತೆರೆಯಿತು. ನಾವೆಲ್ಲ ಹಸಿ ಬೀಜ ಮಾರುವವರೇ. ಒಂದು ಸಲ ಮಾತ್ರ, ಲಾಕ್‌ಡೌನ್ ಸಮಯದಲ್ಲಿ, ನಾವೇ ಚಾಕಲೇಟ್ ಮಾಡಿಬಿಡುವ ಎಂದು ಹೊರಟೆವು. ಹಣ್ಣು ಒಡೆದು ಬೀಜವನ್ನು ಬಾಳೆಲೆ ಹಾಸಿದ ಬುಟ್ಟಿಯಲ್ಲಿ ಮುಚ್ಚಿ ಆರು ದಿನ ಹುಳಿ ಬರಿಸಿದೆವು. ಎರಡು ದಿನಕ್ಕೊಮ್ಮೆ ಮಗುಚುವಾಗ ಒಳಗೆ ಕೈ ಹಾಕಿದರೆ ಬಿಸಿ ಬಿಸಿ, ವಿನೆಗರ್ ವಾಸನೆ. ಒಂದು ವಾರ ಅಂಗಳದಲ್ಲಿ ಒಣಗಿಸಿ, ಶೇಂಗಾ ಹುರಿದ ಹಾಗೆ ಬಾಣಲೆಯಲ್ಲಿ ಹುರಿದು, ಸಿಪ್ಪೆ ಊದಿ, ಮಿಕ್ಸಿಗೆ ಹಾಕಿದೆವು. ಹತ್ತು ನಿಮಿಷಕ್ಕೆ ಪುಡಿ ತಾನಾಗಿ ಎಣ್ಣೆ ಬಿಟ್ಟು ಕಪ್ಪು ಪಾಯಸದಂತಾಯಿತು. ಇಡೀ ಮನೆ ಘಮ್ ಅಂತು! ಮಿಕ್ಸಿಯ ಮೋಟಾರೂ ಘಮ್ ಅಂತು, ಬೇರೆ ರೀತಿ. ಕಾರ್ಖಾನೆಯಲ್ಲಿ ಗಂಟೆಗಟ್ಟಲೆ ಅರೆಯುವುದನ್ನು ಮಿಕ್ಸಿ ಮಾಡುವುದಿಲ್ಲ, ನಾಲಿಗೆಗೆ ಮರಳು ಮರಳು. ಅದಕ್ಕೆ ಬೆಲ್ಲ ಹಾಕಿದ್ದು ಇನ್ನೊಂದು ತಪ್ಪು. ಬೆಲ್ಲದಲ್ಲಿ ತೇವ ಇರುತ್ತದೆ, ಮೈಸೂರಿನವರು ಹೇಳಿದ ಗಂಟು ಅಲ್ಲೇ ಕಟ್ಟಿತು. ಉಂಡೆ ಕಟ್ಟಿ ಡಬ್ಬಿಗೆ ಹಾಕಿದೆವು. ಮಳೆಗಾಲವಿಡೀ ಬಿಸಿ ಹಾಲಿಗೆ ಒಂದೊಂದು ಉಂಡೆ ಹಾಕಿ ಕುಡಿದದ್ದು. ಅಂಥ ಹಾಲು ನಾನು ಇನ್ನೆಲ್ಲೂ ಕುಡಿದಿಲ್ಲ.

ಧಾರವಾಡ, ಇಬ್ಬರು ಮೊಮ್ಮಕ್ಕಳ ಅಜ್ಜಿ

ಅಚ್ಚು ಗಿಚ್ಚು ಯಾಕೆ? ಹಾಲಿನ ಪುಡಿ ಬರ್ಫಿ ಮಾಡಿರಿ. ಅದು ನಿಲ್ಲುವುದು ಸಕ್ಕರೆ ಪಾಕದ ಮೇಲೆ, ಬಿಸಿಲಿಗೆ ಕರಗುವುದಿಲ್ಲ. ಎರಡು ಬಟ್ಟಲು ಹಾಲಿನ ಪುಡಿಗೆ ಮೂರು ದೊಡ್ಡ ಚಮಚ ಕೋಕೋ ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಒಂದು ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ನೀರು, ಒಂದೆಳೆ ಪಾಕ. ಒಲೆ ಆರಿಸಿ ಕಾಲು ಬಟ್ಟಲು ಬೆಣ್ಣೆ ಹಾಕಿ, ಆಮೇಲೆ ಪುಡಿ. ಗಂಟಿಲ್ಲದಂತೆ ಕಲಸಿ ತುಪ್ಪ ಸವರಿದ ತಾಟಿಗೆ ಸುರಿದು ತಟ್ಟಿರಿ. ಬೆಚ್ಚಗಿರುವಾಗಲೇ ಗೆರೆ ಹಾಕಬೇಕು.

ಪಾಕ ನೋಡುವಾಗ ಫೋನ್ ಎತ್ತಬೇಡಿ. ನಾನು ಎತ್ತಿದ್ದೆ. ಎರಡೆಳೆ ದಾಟಿ, ಬರ್ಫಿ ಹೋಗಿ ಬೂದಿಯಂಥ ಪುಡಿ ಬಂತು. ಮೊಮ್ಮಗ ಅದನ್ನೇ ಹಾಲಿಗೆ ಹಾಕಿಕೊಂಡು ಕುಡಿದ, ಆ ಮಾತು ಬೇರೆ.

ಮಡಿಕೇರಿ

ನಮ್ಮೂರಲ್ಲಿ ಹೆಜ್ಜೆಗೊಂದು ಹೋಂಮೇಡ್ ಚಾಕಲೇಟ್ ಅಂಗಡಿ, ಹಾಗಾಗಿ ಮನೆಯಲ್ಲಿ ಬೇರೇನಾದರೂ ಮಾಡಿದರಷ್ಟೇ ಮಕ್ಕಳಿಗೆ ಕುತೂಹಲ. ಇದುವರೆಗೆ ಗೆದ್ದದ್ದು: ಕರಗಿದ ಕಾಂಪೌಂಡ್‌ಗೆ ಮಂಡಕ್ಕಿ. ನಿಮ್ಮ ಕಡೆ ಚುರುಮುರಿ ಎನ್ನುತ್ತೀರಲ್ಲ, ಅದೇ. ಮೊದಲು ಬರೀ ಬಾಣಲೆಯಲ್ಲಿ ಗರಿಗರಿ ಹುರಿದು, ಪೂರ್ತಿ ಆರಿಸಿ, ಆಮೇಲೆ ಬೆರೆಸಿ. ಚಮಚದಲ್ಲಿ ತಟ್ಟೆಗೆ ಗುಪ್ಪೆ ಗುಪ್ಪೆ ಬಿಟ್ಟರೆ ಸಾಕು, ಅಚ್ಚು ಬೇಡ. ದೊಡ್ಡವರಿಗೆ ಚಿಟಿಕೆ ಕರಿಮೆಣಸು, ಮೇಲೆ ಎರಡು ಹರಳು ಉಪ್ಪು.

ಸೋತದ್ದು: ವೀಳ್ಯದೆಲೆಯನ್ನು ಚಾಕಲೇಟ್‌ನಲ್ಲಿ ಅದ್ದಿದ್ದು. ಎಲೆ ಒರೆಸಿದ್ದೆ, ತೊಟ್ಟಿನ ಹತ್ತಿರ ನೀರು ಉಳಿದಿತ್ತು. ಇಡೀ ಬಟ್ಟಲು ಕಲ್ಲು.

ದಾವಣಗೆರೆ

ಬೆಣ್ಣೆ ದೋಸೆ ಊರಲ್ಲಿ ಚಾಕಲೇಟ್ ದೋಸೆ ಹುಯ್ದು ಅತ್ತೆ ಕೈಯಲ್ಲಿ ಬೈಸಿಕೊಂಡವಳು ನಾನು. ಮಕ್ಕಳು ಮೂರು ಮೂರು ತಿಂದರು. ನನ್ನ ಪ್ರಶ್ನೆ ಬೇರೆ: ಫ್ರಿಜ್‌ನಲ್ಲಿಟ್ಟ ಚಾಕಲೇಟ್ ಮೇಲೆ ಬೆಳ್ಳಗೆ ಬಂದಿದೆ. ಬೂಷ್ಟಾ?

ಮತ್ತೆ ಮೈಸೂರು

ಬೂಷ್ಟು ಅಲ್ಲ. ಕರಗಿ ಮತ್ತೆ ಗಟ್ಟಿಯಾದಾಗ ಕೊಬ್ಬು ಮೇಲೆ ಬರುತ್ತದೆ, ಇಲ್ಲವೇ ತೇವಕ್ಕೆ ಸಕ್ಕರೆ ಕರಗಿ ಮೇಲೆ ಕೂರುತ್ತದೆ. ತಿನ್ನಬಹುದು, ನೋಡಲು ಚೆಂದವಿಲ್ಲ ಅಷ್ಟೇ. ಬಿಗಿ ಡಬ್ಬಿಯಲ್ಲಿಡಿ. ಹೊರಗೆ ತೆಗೆದ ತಕ್ಷಣ ಮುಚ್ಚಳ ತೆಗೆಯಬೇಡಿ, ಹತ್ತು ನಿಮಿಷ ಬಿಡಿ. ಕಲಬುರಗಿಯವರು ಹತ್ತು ನಿಮಿಷವೂ ಕಾಯುವಂತಿಲ್ಲ, ಪಾಪ.

ಬೆಂಗಳೂರು

ಆ ಮುದ್ದೆಯ ಸಾಸ್ ಇದೆಯಲ್ಲ, ಅದಕ್ಕೆ ನನ್ನ ಹತ್ತಿರ ಕೆಲಸ ಇದೆ. ನಮ್ಮೂರಿನ ಐಸ್‌ಕ್ರೀಂ ಅಂಗಡಿ ಕಾರ್ನರ್ ಹೌಸ್‌ನ ಡೆತ್ ಬೈ ಚಾಕಲೇಟ್ ತಿಂದು ಬೆಳೆದವರು ನಾವು. ಮನೆಯಲ್ಲಿ ಸುಮ್ನೆ ಹೀಗೆ ಮಾಡುತ್ತೇವೆ: ಗಾಜಿನ ಲೋಟದ ತಳಕ್ಕೆ ಬೇಕರಿಯ ಚಾಕಲೇಟ್ ಕೇಕ್ ಚೂರು, ಮೇಲೆ ವೆನಿಲಾ ಐಸ್‌ಕ್ರೀಂ, ಅದರ ಮೇಲೆ ಬಿಸಿ ಸಾಸ್, ಹುರಿದ ಶೇಂಗಾ, ಒಂದು ಚೆರ್ರಿ. ಸಾಸ್ ಬಿಸಿ ಇರಲೇಬೇಕು. ತಣ್ಣನೆ ಐಸ್‌ಕ್ರೀಂ ಮೇಲೆ ಬಿದ್ದು ಅಂಟಂಟಾಗಿ ಎಳೆ ಬರುತ್ತದಲ್ಲ, ಅದಕ್ಕೇ ಅಲ್ವಾ ಜನ ಮುಗಿಬೀಳೋದು.

ಮನೆಯಲ್ಲಿ ನಾಯಿ ಇದ್ದವರು ಚೆಲ್ಲಿದ್ದನ್ನು ತಕ್ಷಣ ಒರೆಸಿ. ಚಾಕಲೇಟ್‌ನಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ.

ಕಲಬುರಗಿಯಿಂದ, ಹುಟ್ಟುಹಬ್ಬದ ಮರುದಿನ

ವರದಿ ಕೊಡುತ್ತೇನೆ. ಬರ್ಫಿ ಎರಡು ತಾಟು ಮಾಡಿದೆ, ಫೋನನ್ನು ಬೇರೆ ಕೋಣೆಯಲ್ಲಿಟ್ಟು. ಚುರುಮುರಿ ಗುಪ್ಪೆಗಳನ್ನು ಮಗಳೇ ಬಿಟ್ಟಳು, ಒಂದು ನಿಂಬೆಹಣ್ಣಿನಷ್ಟು, ಒಂದು ಗೋಲಿಯಷ್ಟು. ಸಂಜೆ ನಾಲ್ಕೂವರೆಗೆ ಕರೆಂಟ್ ಹೋಯಿತು. ಗುಪ್ಪೆಗಳು ಮೆತ್ತಗಾಗಿ ಒಂದಕ್ಕೊಂದು ಕೂಡಿಕೊಂಡವು. ಮಕ್ಕಳಿಗೆ ಚಮಚ ಕೊಟ್ಟೆ, ತಟ್ಟೆ ತೊಳೆಯುವ ಕೆಲಸ ಉಳಿಯಲಿಲ್ಲ. ಬರ್ಫಿ ಅಲುಗಲಿಲ್ಲ. ಧಾರವಾಡದ ಅಜ್ಜಿಗೆ ದೊಡ್ಡ ನಮಸ್ಕಾರ. ಮುದ್ದೆಗೆ ಆರು ಚಮಚ ಹಾಲು ಹಿಡಿಯಿತು. ಮೂರನೇ ಚಮಚಕ್ಕೆ ಅಳು ಬಂದಿತ್ತು.

ಒಂದೇ ತೊಂದರೆ. ಪುತ್ತೂರಿನವರ ಕಥೆಯನ್ನು ಮಗಳಿಗೆ ಓದಿ ಹೇಳಿದೆ. ಚಾಕಲೇಟ್ ಗಿಡದಲ್ಲಿ ಬಿಡ್ತದಂದ್ರ ನಂಬುತ್ತಿಲ್ಲ. ಹಣ್ಣು ಕಳಿಸೋಕಾಗುತ್ತಾ?

ಪುತ್ತೂರು

ಓಹೋ, ಆಗುತ್ತದೆ. ಒಡೆಯದ ಹಣ್ಣು ಮೂರ್ನಾಲ್ಕು ದಿನ ಏನೂ ಆಗುವುದಿಲ್ಲ. ಅಳಿಲಿನ ಕಣ್ಣು ತಪ್ಪಿಸಿ ನಾಲ್ಕು ಹಳದಿ ಹಣ್ಣು ಕೊಯ್ದು ಬಸ್ಸಿಗೆ ಹಾಕುತ್ತೇನೆ. ಒಡೆದಾಗ ಬೀಜದ ಸುತ್ತ ಬಿಳಿ ತಿರುಳು ಇರುತ್ತದೆ, ಅದನ್ನು ಚೀಪಬೇಕು, ಸಿಹಿ ಹುಳಿ. ಬೀಜ ಕಚ್ಚಬೇಡ ಎಂದು ಮಗಳಿಗೆ ಮೊದಲೇ ಹೇಳಿ, ಕಹಿ. ಹೇಳಿದರೂ ಕಚ್ಚುತ್ತಾಳೆ, ನಾವೂ ಕಚ್ಚಿದವರೇ.