2147483647 ಅವಿಭಾಜ್ಯ ಅಂತ ಕೈಲೆ ಹೆಂಗ ಕಂಡಹಿಡದ್ರು?

ಜಮಖಂಡಿ ಝೆರಾಕ್ಸ್:
ಬಸ್ ಸ್ಟ್ಯಾಂಡ್ ಹತ್ರ ನಮ್ದು ಝೆರಾಕ್ಸ್ ಅಂಗಡಿ. ನಿನ್ನೆ ಕರೆಂಟ್ ಹೋಗಿತ್ತು, ಅಳಿಯ ಮೊಬೈಲ್‌ನ್ಯಾಗ ಗೇಮ್ ಆಡ್ಕೋತ ಕುಂತಿದ್ದ. ಕಾಯಿನ್ 2147483647 ಆತು ನೋಡ್ರಿ, ಮುಂದ ಎಷ್ಟ ಆಡಿದ್ರೂ ಒಂದೂ ಏರವಲ್ದು. "ಮಾಮಾ, ಇದ ನಂಬರಿಗೆ ಯಾಕ ನಿಂತತಿ?" ಅಂದ. ನಾ ಕ್ಯಾಲ್ಕುಲೇಟರ್ ತಗೊಂಡು 3, 7, 11 ಅಂತ 97ರ ತನಕ ಭಾಗಿಸಿದೆ. ಯಾವದಕ್ಕೂ ಬಗ್ಗಲಿಲ್ಲ. ಹುಡುಕಿದ್ರ, ಇದು ಅವಿಭಾಜ್ಯ ಸಂಖ್ಯೆ, 1772ರಾಗ ಗಣಿತಜ್ಞ ಆಯ್ಲರ್ ತೋರಿಸಿದ್ದ ಅಂತ ಬಂತು. ಇದರ ವರ್ಗಮೂಲ 46340ರ ಮ್ಯಾಲ ಐತಿ. ಅಲ್ಲೀತನಕ ಅವಿಭಾಜ್ಯ ಸಂಖ್ಯೆಗಳ 4792 ಅದಾವ. ಅಷ್ಟೂ ಕೈಲೆ ಭಾಗಿಸಿದ್ನೇನ್ರೀ? ಆ ಹೊತ್ತಿಗೆ ಅವನ ಕಣ್ಣೂ ಹೆಚ್ಚುಕಮ್ಮಿ ಹೋಗಿದ್ದುವಂತ.

ಬೆಳಗಾವಿ ಕೋಡರ್:
ಗೇಮ್ ನಿಂತಿದ್ದಕ್ಕೂ ಅವಿಭಾಜ್ಯಕ್ಕೂ ಸಂಬಂಧ ಇಲ್ರೀ. ಅದು 32 ಬಿಟ್ ಲೆಕ್ಕ, ಬಿಟ್ ಅಂದ್ರ 0 ಇಲ್ಲಾ 1 ಹಿಡಿಯೋ ಒಂದು ಮನಿ. ಒಂದು ಬಿಟ್ ಪ್ಲಸ್-ಮೈನಸ್‌ಗೆ ಹೋತು, ಉಳಿದ 31ರಾಗೂ 1 ತುಂಬಿದ್ರ ಇದೇ ಸಂಖ್ಯೆ: 2ರ ಘಾತ 31, ಅದರಾಗ 1 ಕಮ್ಮಿ. 64 ಬಿಟ್‌ನ ಮಿತಿ 2ರ ಘಾತ 63ರಾಗ 1 ಕಮ್ಮಿ, ಅದು 7ರಿಂದನ ಭಾಗ ಹೋಗ್ತೈತಿ.

ನಿವೃತ್ತ ಮಾಸ್ತರ, ವಿಜಯಪುರ:
ಝೆರಾಕ್ಸ್ ಮಾಲಕರ, ನೀವು 97ರ ತನಕ ಭಾಗಿಸಿದ್ದು ಅಷ್ಟೂ ದಂಡ! 311ಕ್ಕಿಂತ ಸಣ್ಣ ಅವಿಭಾಜ್ಯ ಯಾವುದೂ ಇದನ್ನ ಭಾಗಿಸಲಿಕ್ಕೆ ಸಾಧ್ಯನೇ ಇಲ್ಲ.

ಮೊದಲ ಸಣ್ಣದೊಂದು ನೋಡ್ರಿ. 2ರ ಘಾತ 11ರಾಗ 1 ಕಳದ್ರ 2047. ಅದು 23 ಗುಣಿಸು 89. ಎರಡರಾಗೂ ಒಂದೊಂದು ಕಳೀರಿ: 22, 88. ಎರಡೂ 11ರ ಮಗ್ಗಿಯೊಳಗ ಬಂದ್ವು. ಇದು ಗಣಿತಜ್ಞ ಫರ್ಮಾ ಕಂಡ ನಿಯಮ. ನಿಮ್ಮ ಸಂಖ್ಯೆಗೆ 11ರ ಬದಲಿ 31. ಭಾಜಕ ಬೆಸ ಇರಬೇಕಲ್ಲ, ಅಂದ್ರ 62ರ ಮಗ್ಗಿಗೆ 1 ಕೂಡಿಸಿದ್ದಷ್ಟ ನೋಡಿದ್ರ ಸಾಕು.

ಇನ್ನೊಂದು ಜರಡಿ ಅದ. ಭಾಜಕದಿಂದ ಭಾಗಿಸಿದಾಗ 2ರ ಘಾತ 31 ಶೇಷ 1 ಬಿಟ್ರ, ಘಾತ 32 ಶೇಷ 2 ಬಿಡತದ. ಘಾತ 32 ಅಂದ್ರ ಘಾತ 16ರ ವರ್ಗ. ಹಿಂಗ ಒಂದು ವರ್ಗ ಶೇಷ 2 ಬಿಡೋದು, ಭಾಜಕವನ್ನ 8ರಿಂದ ಭಾಗಿಸಿದಾಗ 1 ಇಲ್ಲಾ 7 ಉಳದ್ರ ಮಾತ್ರ. ಎರಡೂ ಜರಡಿ ಕೂಡಿಸ್ರಿ: ಭಾಜಕ 248ರಿಂದ ಭಾಗಿಸಿದಾಗ 1 ಅಥವಾ 63 ಉಳೀಬೇಕು. ಆಯ್ಲರ್ ಇನ್ನೊಬ್ಬ ಗಣಿತಜ್ಞ ಬರ್ನೂಲಿಗೆ ಬರೆದ ಪತ್ರದಾಗ ಇವೇ ಎರಡು ರೂಪ ಹೇಳ್ಯಾನ. 46340ರೊಳಗ ಅಂಥಾವು ನಾನೂರಕ್ಕಿಂತ ಕಮ್ಮಿ. ಅದರಾಗೂ 249 ಮೂರಕ್ಕ ಬೀಳತದ, 497 ಏಳಕ್ಕ. ಉಳಿಯೋದ್ರಾಗ ಮೊದಲನೇದು 311, ಆಮ್ಯಾಲ ಸೀದಾ 1303.

311ರಿಂದ ಭಾಗಿಸಿ ಶೇಷ ಎಷ್ಟಂತ ಹೇಳ್ರಿ. ಕ್ಯಾಲ್ಕುಲೇಟರ್ ಬ್ಯಾಡ.

ಜಮಖಂಡಿ ಝೆರಾಕ್ಸ್:
ಕೆಟ್ಟ ಪ್ರಿಂಟ್ ಬಂದ ಆಧಾರ್ ಹಾಳಿ ಹಿಂದ ಮಾಡಿದೆ ಸರ್ರ. ಮೊದಲ 45 ಬಂತು, ನಡುವ ದಶಕ ತಗೊಳ್ಳೂದ ಮರ್ತಿದ್ದೆ. ಮತ್ತ ಮಾಡಿದ್ರ ಭಾಗಲಬ್ಧ 6905092, ಶೇಷ 35.

ನಿವೃತ್ತ ಮಾಸ್ತರ, ವಿಜಯಪುರ:
35 ಬರೋಬ್ಬರಿ. 1303ಕ್ಕ 226 ಬರಬೇಕು.

ಜಮಖಂಡಿ ಝೆರಾಕ್ಸ್:
ಅದನ್ನ ಅಳಿಯಗ ಕೊಟ್ಟಿದ್ದೆ ಸರ್ರ. ಅರ್ಧಕ್ಕ ಬಿಟ್ಟು ಮತ್ತ ಗೇಮ್ ಹಚ್ಯಾನ.