ಬೊನೇರಿಗೆ ಹೊರಟ ಮಾತಿನಮಲ್ಲರು

ಸೀನ ಲ್ಯಾಪ್‌ಟಾಪ್ ತೆರೆದನೆಂದರೆ ಮೇಜಿನ ಮೇಲೆ ಚಕ್ಕುಲಿಗೆ ಜಾಗವಿಲ್ಲ. ಜಾನಕಿ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನ್ಯೂಜೆರ್ಸಿಯ ಎಡಿಸನ್ನಿನ ಹಿಮ ಕಿಟಕಿಯವರೆಗೂ ಬಂದಿತ್ತು. ಪರದೆಯ ಮೇಲೆ ಮಾತ್ರ ನೀಲಿ ಸಮುದ್ರ, ಅದರ ಮೇಲೊಂದು ಬಣ್ಣಬಣ್ಣದ ಕೋಷ್ಟಕ.

“ಈ ಸಲ ಬೊನೇರ್. ಕೆರಿಬಿಯನ್ನಿನಲ್ಲಿ ವೆನೆಜುವೆಲಾಕ್ಕೆ ಹತ್ತಿರದ ಡಚ್ಚರ ದ್ವೀಪ, ನಡೆಯುವುದು ಡಾಲರ್. ದೋಣಿಯ ಗೊಡವೆಯೇ ಇಲ್ಲ. ಪಿಕಪ್ ಟ್ರಕ್ ಬಾಡಿಗೆಗೆ ಹಿಡಿದು, ಸ್ಕೂಬಾ ಡೈವಿಂಗಿನ ಗಾಳಿ ಸಿಲಿಂಡರ್ ಹೇರಿಕೊಂಡು, ರಸ್ತೆಯ ಪಕ್ಕ ಹಳದಿ ಬಳಿದ ಕಲ್ಲು ಕಂಡಲ್ಲಿ ನಿಲ್ಲಿಸಿ ನೀರಿಗಿಳಿಯುವುದು.”

“ಹಳದಿ ಬಳಿದ ಕಲ್ಲು ಕಂಡರೆ ನಮ್ಮ ಕಡೆ ಕೈ ಮುಗಿಯುತ್ತಾರೆ” ಎಂದರು ಭಟ್ಟರು. “ನೀರಿಗಿಳಿಯಲೇಬೇಕೆಂದರೆ ಮುರ್ಡೇಶ್ವರದ ಎದುರಿಗೆ ನೇತ್ರಾಣಿ ದ್ವೀಪ ಇದೆಯಲ್ಲ?”

“ಅಲ್ಲಿಗೆ ಹೊರಟರೆ ನಮ್ಮ ಅತ್ತೆ, ಮಾವ, ಚಿಕ್ಕಪ್ಪ ಎಲ್ಲರೂ ದೋಣಿ ಹತ್ತುತ್ತಾರೆ ಭಟ್ಟರೇ.”

ವಿಶ್ವ ಅಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು. “ಟ್ರಕ್ಕಿಗೆ ಬೀಗ ಹಾಕಬಾರದು, ಕಿಟಕಿಯ ಗಾಜು ಇಳಿಸಿಯೇ ಹೋಗಬೇಕು ಎಂದು ಇಲ್ಲಿ ಬರೆದಿದ್ದೀಯಲ್ಲ, ಏಕೆ?”

“ಬೀಗ ಹಾಕಿದರೆ ಕಳ್ಳರು ಗಾಜು ಒಡೆಯುತ್ತಾರೆ.”

“ಕಳ್ಳನಿಗೂ ಎಂಥ ಉಪಚಾರ! ಇರಲಿ. ಕೆಳಗೆ ಮಾತನಾಡಲು ಆಗುತ್ತದೆಯೇ?”

“ಬಾಯಲ್ಲಿ ಉಸಿರಿನ ನಳಿಕೆ ಇರುತ್ತದೆ, ಹೇಗೆ ಆಗುತ್ತದೆ?”

“ಎಷ್ಟು ಹೊತ್ತು?”

“ಒಂದು ಸಲಕ್ಕೆ ಸುಮಾರು 50 ನಿಮಿಷ. ದಿನಕ್ಕೆ ಮೂರು ಸಲ.”

“ಅಂದರೆ ಬೀಳ್ಕೊಟ್ಟ ಮೇಲೂ ಬಾಗಿಲಲ್ಲಿ ನಿಂತು ಒಂದು ಗಂಟೆ ಮಾತನಾಡುವ ನಾವು, ಸಾವಿರಾರು ಡಾಲರ್ ಸುರಿದು ಮಾತು ಬಂದ್ ಆಗಿರುವ ಜಾಗಕ್ಕೆ ಹೋಗುತ್ತೇವೆ. ನಮ್ಮ ಅಜ್ಜಿ ಮೌನವ್ರತ ಹಿಡಿದರೆ ಒಂದು ಕಾಸಿನ ಖರ್ಚಿರಲಿಲ್ಲ. ಅಜ್ಜನಿಗಂತೂ ಲಾಭವೇ.”

“ಸನ್ನೆಗಳಿವೆಯಪ್ಪ” ಎಂದು ಸೀನ ಕೋಷ್ಟಕದ ಇನ್ನೊಂದು ಹಾಳೆ ತೆರೆದ. “ಬೆರಳಿನಿಂದ ಉಂಗುರ ಮಾಡಿದರೆ ಎಲ್ಲ ಸರಿಯಾಗಿದೆ. ಅಂಗೈ ಚಾಚಿ ಅಲುಗಾಡಿಸಿದರೆ ಏನೋ ತೊಂದರೆ. ಕುತ್ತಿಗೆಯ ಮುಂದೆ ಕೈ ಎಳೆದರೆ ಗಾಳಿ ಮುಗಿದಿದೆ. ಹೆಬ್ಬೆರಳು ಎತ್ತಿದರೆ ಮೇಲೆ ಹೋಗೋಣ ಎಂದು.”

“ಚೆಂದದ ಮೀನು ಕಂಡಿತೆಂದು ಇವರು ಹೆಬ್ಬೆರಳು ಎತ್ತುತ್ತಾರೆ, ಜೊತೆಯವನು ಹಿಡಿದು ಮೇಲಕ್ಕೆ ತರುತ್ತಾನೆ” ಎಂದಳು ಜಾನಕಿ.

“ಅದು ಹಾಗಿರಲಿ” ಎಂದ ವಿಶ್ವ. “18 ಮೀಟರ್ ಆಳದಲ್ಲಿ ಡಚ್ ಮಾರ್ಗದರ್ಶಿ ‘ಗಾಳಿ ಇದೆಯೇ?’ ಎಂದು ಸನ್ನೆಯಲ್ಲಿ ಕೇಳುತ್ತಾನೆ. ನಮ್ಮ ಭಟ್ಟರು ಅಭ್ಯಾಸಬಲದಿಂದ ತಲೆಯನ್ನು ಎಡಕ್ಕೂ ಬಲಕ್ಕೂ ವಾಲಿಸುತ್ತಾರೆ. ಆ ಬಡಪಾಯಿ ಏನೆಂದುಕೊಳ್ಳಬೇಕು? ಇದೆಯೋ, ಇಲ್ಲವೋ, ಇದ್ದರೂ ಹೇಳಿಕೊಳ್ಳುವಷ್ಟಿಲ್ಲವೋ?”

“ನಾನು ಇಳಿದರೆ ತಾನೇ!” ಎಂದರು ಭಟ್ಟರು. “ಕನ್ನಡಕದ ಗಾಜು ಮಬ್ಬಾಗಬಾರದೆಂದು ಒಳಗೆ ಉಗುಳಿ ಉಜ್ಜುತ್ತಾರಂತೆ. ಆ ನಳಿಕೆಯೂ ಬಾಡಿಗೆಯದು. ಊರವರೆಲ್ಲ ಕಚ್ಚಿದ ರಬ್ಬರನ್ನು ನಾನೂ ಕಚ್ಚಬೇಕೇ? ಸಮುದ್ರವೇ ತೊಳೆಯುತ್ತದೆ ಎಂದು ಸಮಾಧಾನ ಹೇಳಬೇಡಿ.”

ಸೀನ ಪಟ್ಟು ಬಿಡುವವನಲ್ಲ. ಹಿಲ್ಮಾ ಹೂಕರ್ ಎಂಬ ಮುಳುಗಿದ ಹಡಗಿಗೆ ಒಂದು ಬೆಳಗ್ಗೆ ಮೀಸಲಿಟ್ಟಿದ್ದ. ಅದರಲ್ಲಿ ರಾಶಿ ಗಾಂಜಾ ಸಿಕ್ಕಿತ್ತು, ನನ್ನದೆಂದು ಹೇಳಲು ಮಾಲೀಕ ಮುಂದೆ ಬರಲಿಲ್ಲ, ಕೊನೆಗೆ 1984ರಲ್ಲಿ ತಳ ಸೇರಿತು.

“ನೋಡಿ, ಆ ದ್ವೀಪದಲ್ಲಿ ಬಾಯಿ ಬಿಡದೆ ಇರುವುದು ಹಳೆಯ ಸಂಪ್ರದಾಯ” ಎಂದ ವಿಶ್ವ. “ಹಡಗು ಎಷ್ಟು ಆಳದಲ್ಲಿದೆ?”

“ಸುಮಾರು 30 ಮೀಟರ್. ನಮ್ಮ ಮೊದಲ ಸರ್ಟಿಫಿಕೇಟಿಗೆ 18ರ ಮಿತಿ. ಮೇಲಿನಿಂದಲೇ ನೋಡಿ ಬರುವುದು.”

“ದರ್ಶನ ದೂರದಿಂದಲೇ ಎನ್ನು. ವಿಶೇಷ ಟಿಕೆಟ್ ಇಲ್ಲದ ಭಕ್ತರು.”

ಕೊನೆಯ ದಿನದ ಸಾಲು ಖಾಲಿ ಇರಬೇಕಿತ್ತು. ಆಳದಲ್ಲಿ ಮೈಯೊಳಗೆ ಕರಗಿದ ಸಾರಜನಕ ಹೊರಬೀಳದೆ ವಿಮಾನ ಹತ್ತಿದರೆ ಅದು ಗುಳ್ಳೆಯಾಗಿ ಪ್ರಾಣಕ್ಕೇ ಬರಬಹುದು. 18 ಗಂಟೆಯಾದರೂ ಕಾಯಬೇಕು. ಸೀನ ಆ ಕಾಯುವಿಕೆಗೂ ಬಣ್ಣ ತುಂಬಿದ್ದ: 10ಕ್ಕೆ ಫ್ಲೆಮಿಂಗೊ, 11ಕ್ಕೆ ಉಪ್ಪಿನ ಗದ್ದೆ, 11:20ಕ್ಕೆ ಗುಲಾಮರ ಗುಡಿಸಲು, 11:30ಕ್ಕೆ ಐಸ್‌ಕ್ರೀಮ್.

“ಹತ್ತು ನಿಮಿಷವೇ?” ವಿಶ್ವನ ದನಿ ಬದಲಾಯಿತು. “1850ರ ಹೊತ್ತಿಗೆ ಕಟ್ಟಿದ ಕಲ್ಲಿನ ಗೂಡುಗಳವು. ಒಳಗೆ ನೆಟ್ಟಗೆ ನಿಲ್ಲುವ ಹಾಗಿಲ್ಲ. ವಾರವಿಡೀ ಬಿಸಿಲಿನಲ್ಲಿ ಉಪ್ಪು ಬಾಚಿ, ರಾತ್ರಿ ಅದರೊಳಗೆ ತೆವಳಿ ಮಲಗಿ, ವಾರದ ಕೊನೆಗೆ ರಿಂಕೋನ್ ಊರಿನ ಮನೆಮಂದಿಯನ್ನು ಕಾಣಲು ಗಂಟೆಗಟ್ಟಲೆ ನಡೆಯುತ್ತಿದ್ದರು. ಡಚ್ಚರು ಅವರನ್ನು ಬಿಟ್ಟದ್ದು 1863ರಲ್ಲಿ. ಅದೇ ದಡದಲ್ಲಿ ಟ್ರಕ್ ನಿಲ್ಲಿಸಿ ನಾವು ರಬ್ಬರ್ ಚಡ್ಡಿ ಏರಿಸುವುದು.”

ಸೀನ 11:30ನ್ನು ಅಳಿಸಿ 12 ಎಂದು ಬರೆದ.

“ನಿಜ ಹೇಳು ಸೀನ” ಎಂದ ವಿಶ್ವ. “ಈಜುಕೊಳದಲ್ಲಿ ಮೂಗಿಗೆ ನೀರು ಹೋದರೆ ಕೂಗಾಡುವವನು ನೀನು. ನಿನಗೇಕೆ ಈ ಹುಚ್ಚು? ಕಚೇರಿಯಲ್ಲಿ ಎಲ್ಲರೂ ಹೋಗಿ ಬಂದರೆಂದೇ?”

ಸೀನ ಉತ್ತರಿಸದೆ ಬಾಣದ ಗುರುತನ್ನು ಪರದೆಯ ಮೇಲೆ ಸುಮ್ಮನೆ ಓಡಾಡಿಸಿದ. ಹೇಳಿದವಳು ಜಾನಕಿ. “ಮಗ ಬರುತ್ತೇನೆಂದಿದ್ದಾನೆ. ಕಾಲೇಜಿಗೆ ಹೋದ ಮೇಲೆ ಇವರು ಏನು ಬರೆದು ಕಳಿಸಿದರೂ ಅವನ ಉತ್ತರ ಒಂದು ಹೆಬ್ಬೆರಳಿನ ಚಿತ್ರ. ಊಟ ಮಾಡಿದೆಯಾ? ಹೆಬ್ಬೆರಳು. ಜ್ವರ ಇಳಿಯಿತಾ? ಹೆಬ್ಬೆರಳು. ಇದಕ್ಕೆ ಮಾತ್ರ ಅಕ್ಷರದಲ್ಲಿ ‘ಬರುತ್ತೇನೆ’ ಎಂದು ಬರೆದ.”

“ಇಬ್ಬಿಬ್ಬರು ಜೋಡಿಯಾಗಿಯೇ ಇಳಿಯಬೇಕೆಂಬ ನಿಯಮವಿದೆ” ಎಂದ ಸೀನ. “ಜೊತೆಯವನನ್ನು ಬಿಟ್ಟು ದೂರ ಹೋಗುವಂತಿಲ್ಲ. ಆಗಾಗ ತಿರುಗಿ ನೋಡುತ್ತಿರಬೇಕು. 50 ನಿಮಿಷ.”

ಭಟ್ಟರು ಚಕ್ಕುಲಿಯನ್ನು ಸದ್ದಾಗದಂತೆ ಮುರಿಯಲು ಹೋಗಿ ಇನ್ನಷ್ಟು ಸದ್ದು ಮಾಡಿದರು.

“ನನ್ನ ಹೆಸರನ್ನೂ ಸೇರಿಸು” ಎಂದ ವಿಶ್ವ. “ನನ್ನ ಜೋಡಿ ಭಟ್ಟರು. ಅವರು ದಡದಲ್ಲಿ ಕೂತು ಟ್ರಕ್ ಕಾಯಲಿ, ಕಳ್ಳ ಬಂದರೆ ಹರಟೆಗೆ ಹಿಡಿದುಕೊಳ್ಳುತ್ತಾರೆ.”

“ಅಲ್ಲಿ ಊಟಕ್ಕೆ ಏನು ಸಿಗುತ್ತದೆ?” ಎಂದು ಕೇಳಿದರು ಭಟ್ಟರು.

“ಮೇಕೆ ಮಾಂಸದ ಪಲ್ಯ ಹೆಸರುವಾಸಿ. ಇಗುವಾನದ ಸಾರೂ ಸಿಗುತ್ತದೆ.”

“ಇಗುವಾನ ಎಂದರೆ?”

“ಓತಿಕೇತದ ದೊಡ್ಡಣ್ಣ.”

“ಸೀನ, ಆ ಕೋಷ್ಟಕದಲ್ಲಿ ಅವಲಕ್ಕಿಗೊಂದು ಸಾಲು ಹಾಕು. ಮಾವಿನಕಾಯಿ ತೊಕ್ಕಿಗೆ ಇನ್ನೊಂದು. ಹಸಿರು ಬಣ್ಣ ಇರಲಿ.”